ರೇನ್‌ಬೋಸ್
ಪೋಷಕರ ವಿಚ್ಛೇದನ ಅಥವಾ ಸಾವಿನಿಂದ ನೊಂದ ಮಕ್ಕಳಿಗೆ ಆಸರೆಯಾಗುವ ಅಮೆರಿಕದ ಸೇವಾಸಂಸ್ಥೆ. ಮೂರು ಗಂಡುಮಕ್ಕಳ ತಾಯಿ ಸೂಜಿ ಯೆಲ್ ಮಾರ್ಟಾ ತಮ್ಮ ವಿಚ್ಛೇದನದ ನಂತರ, ದೊಡ್ಡವರಿಗಿರುವ ಸಾಂತ್ವನದ ಕೂಟಗಳು ಮಕ್ಕಳಿಗಿಲ್ಲವೆಂಬುದನ್ನು ಕಂಡರು. ತಮ್ಮಂಥದೇ ಪರಿಸ್ಥಿತಿಯ ತಾಯಂದಿರೊಡನೆ ಸೇರಿ ಶಿಕಾಗೊ ಪ್ರದೇಶದಲ್ಲಿ ಮಕ್ಕಳಿಗಾಗಿ ವಾರಾಂತ್ಯದ ಶಿಬಿರಗಳನ್ನು ನಡೆಸಿದರು. ಆ ಅನುಭವದಿಂದ 1983ರಲ್ಲಿ ಸಂಸ್ಥೆ ಹುಟ್ಟಿತು. ಇಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳ ಸಣ್ಣ ಗುಂಪು, ತರಬೇತಿ ಪಡೆದ ಸ್ವಯಂಸೇವಕರೊಬ್ಬರ ಜೊತೆ ಶಾಲೆಯಲ್ಲೋ ಚರ್ಚಿನಲ್ಲೋ ನಿಯಮಿತವಾಗಿ ಕೂಡುತ್ತದೆ. ಅಪ್ಪ ಅಮ್ಮ ಬೇರಾದದ್ದು ತನ್ನ ತಪ್ಪಿನಿಂದಲೇ ಎಂದು ಮಗು ಒಳಗೊಳಗೇ ಕೊರಗುವುದುಂಟು. ಅದೇ ಮಾತನ್ನು ಇನ್ನೊಂದು ಮಗುವಿನ ಬಾಯಿಂದ ಕೇಳಿದಾಗ ಇಳಿಯುವ ಆ ಭಾರ, ದೊಡ್ಡವರು ಎಷ್ಟು ಸಮಾಧಾನ ಹೇಳಿದರೂ ಸುಲಭವಾಗಿ ಇಳಿಯದು. ಕಾರ್ಯಕ್ರಮ ಐರ್ಲೆಂಡ್‌ನಲ್ಲೂ ನೆಲೆಯೂರಿದೆ. ಮಾರ್ಟಾ 2013ರಲ್ಲಿ ನಿಧನರಾದರು.