ಲಂಟಾನದ ನಾಮಪರಿಷ್ಕರಣ: ಒಂದು ಐತಿಹಾಸಿಕ ಅವಲೋಕನ

ಮೂಡಿಗೆರೆ ತಾಲ್ಲೂಕಿನ ಬಾಳೂರಿನ ಸುತ್ತಣ ಮಲೆಸೀಮೆಯಲ್ಲಿ, ಕಾಫಿ ತೋಟಗಳ ಬೇಲಿಯ ಮಗ್ಗುಲಲ್ಲಿಯೂ ಪಾಳುಬಿದ್ದ ನೆಲದಲ್ಲಿಯೂ ಹಬ್ಬಿರುವ ಲಂಟಾನವನ್ನು ಅರಿಯದವರು ವಿರಳ. ಇದಕ್ಕೆ ಕನ್ನಡದಲ್ಲಿ ಚದುರಂಗ, ಹೇಸಿಕೆ ಎಂಬ ಹೆಸರುಗಳೂ ಉಂಟು. ಎಲೆಯನ್ನು ಉಜ್ಜಿದಾಗ ಹೊಮ್ಮುವ ಕಟುಗಂಧವನ್ನು ನೆನೆದರೆ ಎರಡನೆಯ ಹೆಸರು ಅನ್ವರ್ಥವೆನ್ನಿಸುತ್ತದೆ. ಆಂಗ್ಲರು ಇದನ್ನು ಕಾಡು ಸೇಜ್ ಎಂದೂ ಕರೆದರು. ಆದರೆ ನಿಜವಾದ ಸೇಜ್, ಎಂದರೆ ಸಾಲ್ವಿಯ, ತುಳಸಿಯ ಕುಟುಂಬಕ್ಕೆ ಸೇರಿದುದು. ಲಂಟಾನವಾದರೋ ವರ್ಬಿನೇಸೀ ಕುಟುಂಬದ್ದು. ಲೋಕರೂಢಿಯ ಹೆಸರು ಹೀಗೆ ದಾರಿ ತಪ್ಪಿಸುವುದು ಸಹಜ. ಶಾಸ್ತ್ರೀಯ ನಾಮವೂ ತಪ್ಪಬಹುದೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಫ್ರೆಂಚ್ ಸಸ್ಯಶಾಸ್ತ್ರಜ್ಞ ಪ್ಲೂಮಿಯೆ 1703ರಲ್ಲಿ 'ಕಮಾರ' ಎಂಬ ಜಾತಿಯನ್ನು ವರ್ಣಿಸಿದನು. ಲಿನ್ನೇಯಸನು 1753ರಲ್ಲಿ ಅದನ್ನು ಲಂಟಾನ ಜಾತಿಯಲ್ಲಿ ಅಡಕಮಾಡಿ, ಹಳೆಯ ಹೆಸರನ್ನು ಪ್ರಭೇದನಾಮವಾಗಿ ಉಳಿಸಿದನು. ಮುಳ್ಳುಳ್ಳ ಗಿಡಕ್ಕೆ ಲಂಟಾನ ಅಕ್ಯುಲಿಯೇಟ ಎಂಬ ಬೇರೆ ಪ್ರಭೇದವನ್ನೇ ಕಲ್ಪಿಸಿದನು. 1934ರಲ್ಲಿ ಅಮೆರಿಕದ ಮೋಲ್ಡೆಂಕೆ ಇದನ್ನು ಕಮಾರದ ಒಂದು ಉಪಭೇದವನ್ನಾಗಿ ಇಳಿಸಿದನು. ಒಂದೇ ಪೊದೆ ಹೀಗೆ ಎರಡು ಹೆಸರುಗಳ ನಡುವೆ ಓಲಾಡಿತು.

ಈ ಗೊಂದಲದ ಮೂಲವು ಗಿಡದ ಚರಿತ್ರೆಯಲ್ಲಿಯೇ ಇದೆ. ಅಮೆರಿಕದ ಉಷ್ಣವಲಯದಿಂದ ಯೂರೋಪಿಗೆ ಬಂದ ಲಂಟಾನಗಳನ್ನು ಅಲ್ಲಿಯ ತೋಟಗಾರರು ಹೂವಿನ ಸೊಗಸಿಗಾಗಿ ಪರಸ್ಪರ ಸಂಕರಗೊಳಿಸಿದರು. ಅಲಂಕಾರಸಸ್ಯವಾಗಿಯೇ ಅದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಬಳಿಕ ಬೇಲಿ ದಾಟಿ ಕಾಡು ಸೇರಿತು. ಆದುದರಿಂದ ನಮ್ಮ ಕಳೆಗೆ ಯಾವುದೋ ಒಂದು ವನ್ಯ ಪ್ರಭೇದದ ಹೆಸರನ್ನು ಅಂಟಿಸುವುದು ಎಷ್ಟರಮಟ್ಟಿಗೆ ಯುಕ್ತ? ಸ್ಯಾಂಡರ್ಸ್ ಎಂಬ ವಿದ್ವಾಂಸನು 2006ರಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡು, ಲಿನ್ನೇಯಸನ ಕಮಾರವೇ ಬೇರೆ, ಲೋಕವ್ಯಾಪಿಯಾದ ಸಂಕರ ಕಳೆಯೇ ಬೇರೆ ಎಂದು ಪ್ರತಿಪಾದಿಸಿ, ಎರಡನೆಯದಕ್ಕೆ ಲಂಟಾನ ಸ್ಟ್ರಿಗೋಕಮಾರ ಎಂದು ಹೆಸರಿಟ್ಟನು. ಆದರೂ ಭಾರತದ ಬರಹಗಳಲ್ಲಿ ಕಮಾರವೆಂಬುದೇ ಬಹುತೇಕ ರೂಢಿಯಲ್ಲಿದೆ.

ಇದು ಕೇವಲ ಶಬ್ದವಿವಾದವೆಂದು ಉಪೇಕ್ಷಿಸತಕ್ಕದ್ದಲ್ಲ. 1902ರಲ್ಲಿ ಕೋಬೆಲೆ ಎಂಬಾತನು ಲಂಟಾನದ ಶತ್ರುಕೀಟಗಳನ್ನು ಮೆಕ್ಸಿಕೋದಲ್ಲಿ ಹುಡುಕಿ ಹವಾಯಿ ದ್ವೀಪಗಳಿಗೆ ಕಳುಹಿಸಿದನು. ಅವುಗಳಲ್ಲಿ ಬೀಜ ತಿನ್ನುವ ನೊಣವೊಂದನ್ನು 1921ರಲ್ಲಿ ಭಾರತಕ್ಕೆ ತರಲಾಯಿತು. ನೊಣವು ನೆಲೆಸಿತು, ಕಳೆ ಅಡಗಲಿಲ್ಲ. ಇಂತಹ ವೈಫಲ್ಯಕ್ಕೆ ಹವೆಯೇ ಮೊದಲಾದ ಕಾರಣಗಳು ಹಲವಿರಬಹುದು. ಆದರೆ ಒಂದು ವನ್ಯ ಪ್ರಭೇದದ ಮೇಲೆ ಬಾಳುವ ಕೀಟವು ಸಂಕರದ ಗಿಡವನ್ನು ಅಷ್ಟೇ ಆದರದಿಂದ ತಿನ್ನಬೇಕೆಂಬ ನಿಯಮವಿಲ್ಲ. ಶತ್ರುಕೀಟವನ್ನು ಯಾವ ನಾಡಿನಲ್ಲಿ, ಯಾವ ಗಿಡದ ಮೇಲೆ ಅರಸಬೇಕೆಂಬುದನ್ನು ತಿಳಿಸುವುದು ಸರಿಯಾದ ಹೆಸರೇ.

ಬಾಳೂರಿನ ಪೊದೆಗಳನ್ನು ಕುರಿತು ನಿರ್ಣಯಕ್ಕೆ ಬರುವ ಮುನ್ನ ಮಾದರಿಗಳ ಸಂಗ್ರಹ ಅವಶ್ಯಕ. ಒಂದೇ ಗೊಂಚಲಿನ ಹೂಗಳು ಬಲಿತಂತೆ ಬಣ್ಣ ಬದಲಿಸುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಎಲೆಯ ರೋಮ, ಕಾಂಡದ ಮುಳ್ಳು, ಎಳೆಯ ಮತ್ತು ಬಲಿತ ಹೂಗಳ ವರ್ಣ, ಸ್ಥಳ, ದಿನಾಂಕ ಇವಿಷ್ಟನ್ನೂ ಗಿಡ ಒಣಗುವ ಮೊದಲೇ ಬರೆದಿಡಬೇಕು. ಮಲೆನಾಡಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕಾರ್ಯವಿದು.