ಜಾರುವ ಸ್ಕ್ರೂವಿನಿಂದ ಸುರುಳಿ ಬ್ಲೇಡಿನವರೆಗೆ

‘ಅಜ್ಜಿಗೆ ಸೊಂಟ ಮುರಿದಿದೆ, ರಾಡ್ ಹಾಕಿದ್ದಾರೆ’ ಎನ್ನುವಾಗ ಮುರಿದಿರುವುದು ನಿಜವಾಗಿ ತೊಡೆಮೂಳೆಯ ಮೇಲ್ತುದಿ. ಅದರಲ್ಲೂ ಆ ಮೂಳೆಯ ಕತ್ತಿನ ಕೆಳಗಿನ ಟ್ರೊಕ್ಯಾಂಟರ್ ಭಾಗ ಮುರಿದರೆ ಯಾವ ಬಗೆಯ ಲೋಹದ ಸಾಧನ ಹಾಕಬೇಕೆಂಬ ವಾದ ಇನ್ನೂ ಮುಗಿದಿಲ್ಲ.

1941ರ ಜುವೆಟ್ ಮೊಳೆಯಲ್ಲಿ ಮೊಳೆ, ಪ್ಲೇಟು ಎರಡೂ ಒಂದೇ ತುಂಡು. ಮುರಿದ ಮೂಳೆ ಕುಸಿದಾಗ ಮೊಳೆಗೆ ಸರಿಯಲು ಜಾಗವಿರಲಿಲ್ಲ. ತೊಡೆಮೂಳೆಯ ತಲೆಯನ್ನು ತೂತು ಮಾಡಿ ಕೀಲಿನೊಳಗೆ ನುಗ್ಗುತ್ತಿತ್ತು. ಐವತ್ತರ ದಶಕದಲ್ಲಿ ಜರ್ಮನಿಯಿಂದ ಬಂದ ಜಾರುವ ಸ್ಕ್ರೂ ಈ ತೊಡಕನ್ನು ಬಿಡಿಸಿತು. ರೋಗಿ ಕಾಲೂರಿದಂತೆ ಸ್ಕ್ರೂ ಪ್ಲೇಟಿನ ಕೊಳವೆಯೊಳಗೆ ಹಿಂದೆ ಸರಿಯುತ್ತದೆ, ಮೂಳೆಯ ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಇಂದಿನ ಡಿಎಚ್‌ಎಸ್ (ಡೈನಮಿಕ್ ಹಿಪ್ ಸ್ಕ್ರೂ) ಇದರದೇ ವಂಶ.

ಮೂಳೆಯ ಪೊಳ್ಳಿನೊಳಗೇ ಸರಳು ಇಳಿಸುವ ದಾರಿಯನ್ನು ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ 1940ರ ಹೊತ್ತಿಗೇ ತೆರೆದಿದ್ದರು. ಒಳಗಿನ ಸರಳು ದೇಹದ ಭಾರ ಇಳಿಯುವ ಗೆರೆಗೆ ಹತ್ತಿರ, ಹಾಗಾಗಿ ಅದರ ಮೇಲೆ ಬಾಗಿಸುವ ಬಲ ಕಡಿಮೆ. ಈ ಲೆಕ್ಕದ ಮೇಲೆ ಎಂಬತ್ತರ ದಶಕದ ಕೊನೆಗೆ ಗಾಮಾ ನೇಲ್ ಎಂಬ ಸರಳು ಬಂತು. ಲೆಕ್ಕ ಸರಿಯಿತ್ತು, ಆದರೆ ಸರಳು ದಪ್ಪ, ಬಾಗು 10 ಡಿಗ್ರಿ. ಅದರ ತುದಿಯ ಬಳಿ ತೊಡೆಮೂಳೆಯೇ ಹೊಸದಾಗಿ ಮುರಿಯತೊಡಗಿತು. ಮುಂದಿನ ಗಾಮಾಗಳಲ್ಲಿ ಬಾಗು 4 ಡಿಗ್ರಿಗೆ ಇಳಿಯಿತು, ಸರಳು ಸಣ್ಣಗಾಯಿತು.

ತೊಂಬತ್ತರ ದಶಕದ ಪಿಎಫ್‌ಎನ್ (ಪ್ರಾಕ್ಸಿಮಲ್ ಫೀಮೊರಲ್ ನೇಲ್) ಎಂಬ ಸರಳಿನಲ್ಲಿ ಮೂಳೆಯ ತಲೆ ತಿರುಗದಿರಲೆಂದು ಎರಡು ಸ್ಕ್ರೂ. ಅಲ್ಲೂ ಹೊಸ ಕಾಟ: ಒಂದು ಸ್ಕ್ರೂ ಒಳಗೆ ನುಗ್ಗಿದರೆ ಇನ್ನೊಂದು ಹೊರಗೆ ಸರಿಯುವ ‘ಝಡ್ ಎಫೆಕ್ಟ್’. ನಂತರದ ಪಿಎಫ್‌ಎನ್‌ಎ ಎರಡರ ಬದಲು ಒಂದು ಸುರುಳಿ ಬ್ಲೇಡ್ ಇಟ್ಟಿತು. ಟೊಳ್ಳಾದ ಮುದಿ ಮೂಳೆಯನ್ನು ಅದು ಕೊರೆದು ತೆಗೆಯದೆ ಸುತ್ತಲೂ ಒತ್ತಿ ಗಟ್ಟಿಮಾಡುತ್ತದೆ. ಇಂಟರ್‌ಟ್ಯಾನ್ ಎಂಬ ಇನ್ನೊಂದು ನೇಲ್ ಎರಡು ಸ್ಕ್ರೂಗಳನ್ನೇ ಉಳಿಸಿ ಒಂದಕ್ಕೊಂದು ಹೆಣೆಯಿತು.

ಇಷ್ಟೆಲ್ಲ ಸುಧಾರಣೆಗಿಂತ ನನಗೆ ದೊಡ್ಡದಾಗಿ ಕಾಣುವುದು 1995ರಲ್ಲಿ ಬಾಮ್‌ಗಾರ್ಟ್ನರ್ ತಂಡ ಮಂಡಿಸಿದ ಸರಳ ಅಳತೆ. ಮುಂದಿನಿಂದ, ಪಕ್ಕದಿಂದ ತೆಗೆದ ಎರಡು ಎಕ್ಸ್‌ರೇಗಳಲ್ಲಿ ಸ್ಕ್ರೂ ತುದಿಗೂ ತೊಡೆಮೂಳೆ ತಲೆಯ ನೆತ್ತಿಗೂ ಇರುವ ದೂರವನ್ನು ಅಳೆದು ಕೂಡಿಸಿದರು. ಮೊತ್ತ 25 ಮಿಲಿಮೀಟರಿನೊಳಗಿದ್ದ 120 ಸ್ಕ್ರೂಗಳಲ್ಲಿ ಒಂದೂ ತಲೆ ಸೀಳಿ ಹೊರಬರಲಿಲ್ಲ. ಆ ಅಧ್ಯಯನದಲ್ಲಿ ಪ್ಲೇಟೂ ಇತ್ತು, ನೇಲೂ ಇತ್ತು; ಅಂದರೆ ಸಾಧನ ಯಾವುದೆಂಬುದಕ್ಕಿಂತ ಸ್ಕ್ರೂ ಕೂತ ಜಾಗ ಮುಖ್ಯ.

ಆದರೂ ಅಮೆರಿಕದ ಎಳೆಯ ಶಸ್ತ್ರವೈದ್ಯರ ಕೈಯಲ್ಲಿ ನೇಲ್ ಬಳಕೆ 1999ರ ಶೇ. 3ರಿಂದ 2006ಕ್ಕೆ ಶೇ. 67ಕ್ಕೆ ಜಿಗಿಯಿತು. ಪುರಾವೆ ಅಷ್ಟು ವೇಗವಾಗಿ ಓಡಿರಲಿಲ್ಲ. ಚಿಕಿತ್ಸಾ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿಯೂ ಸಾಮಾನ್ಯ ಟ್ರೊಕ್ಯಾಂಟರ್ ಮುರಿತಕ್ಕೆ ಜಾರುವ ಸ್ಕ್ರೂವನ್ನೇ ಸೂಚಿಸಿತು. ನೇಲನ್ನು ಅದಕ್ಕೂ ಕೆಳಗಿನ ಮುರಿತಕ್ಕೆ ಮೀಸಲಿಟ್ಟಿತು. ಮೂಳೆ ವಿರುದ್ಧ ದಿಕ್ಕಿನ ಓರೆಯಲ್ಲಿ ಮುರಿದಾಗಲೂ ನೇಲೇ ಮೇಲು, ಏಕೆಂದರೆ ಅಲ್ಲಿ ಜಾರುವ ಸ್ಕ್ರೂ ತುಂಡುಗಳನ್ನು ಸೇರಿಸುವ ಬದಲು ದೂರ ಸರಿಸುತ್ತದೆ.

ಯುರೋಪಿಯನ್ ಮೈಕಟ್ಟಿಗೆ ಹೊಲಿದ ನೇಲ್‌ಗಳು ಏಷ್ಯಾದ ಚಿಕ್ಕ ತೊಡೆಮೂಳೆಗೆ ಬಿಗಿಯಾದವು; ಕಿರಿದಾದ ಕತ್ತಿನಲ್ಲಿ ಎರಡು ಸ್ಕ್ರೂ ಕೂರಿಸುವುದೇ ಕಷ್ಟ. ಹೊರಮಗ್ಗುಲು ಚಪ್ಪಟೆಯಾದ ಪಿಎಫ್‌ಎನ್‌ಎ-2 ಬಂದದ್ದು ಹೀಗೆ. ನಮ್ಮ ಆಸ್ಪತ್ರೆಗಳ ಕಾರಿಡಾರಿನಲ್ಲಿ ಮಾತ್ರ ಮನೆಯವರು ಕೇಳುವ ಪ್ರಶ್ನೆ ಬೇರೆ: ಇಂಪೋರ್ಟೆಡ್ಡೇ ಬೇಕಾ ಡಾಕ್ಟ್ರೇ, ಇಂಡಿಯನ್ ಸಾಕಾ?