ಅಕ್ಷರ ಬಲ್ಲವರ ಬೆರಳು

ಹೆಬ್ಬೆಟ್ಟು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಹುಕಾರನ ಪತ್ರಕ್ಕೆ ಬೆಟ್ಟು ಒತ್ತಿದವರ ಮಕ್ಕಳು ನಾವು. ನಾಲ್ಕಕ್ಷರ ಬಂದರೆ ಬೆಟ್ಟಿಗೆ ಮಸಿ ತಾಗೋದಿಲ್ಲ ಅಂತ ನಂಬಿ ಇಸ್ಕೂಲಿಗೆ ಹೋದವರು. ಜಪಾನಿನಲ್ಲೇ ಹುಟ್ಟಿ, ಜಪಾನಿ ಭಾಷೆಯಲ್ಲೇ ಓದಿ ಬರೆದ ಕೊರಿಯನ್ನರ ಚರಿತ್ರೆ ಈ ನಂಬಿಕೆಯನ್ನೇ ಅಲ್ಲಾಡಿಸುತ್ತದೆ. ಸಹಿ ಹಾಕಬಲ್ಲವರ ಬೆರಳನ್ನೂ ಅಲ್ಲಿನ ಪ್ರಭುತ್ವ ಮಸಿಗೆ ಅದ್ದಿಸಿತು.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಅಲ್ಲಿನ ಜನ ಚಕ್ರವರ್ತಿಯ ಪ್ರಜೆಗಳಾದರು. ಅಂದರೆ ಗಣಿಗೆ, ಕಾರ್ಖಾನೆಗೆ, ಸೈನ್ಯಕ್ಕೆ ಆಳುಗಳಾದರು. 1945ರಲ್ಲಿ ಯುದ್ಧ ಸೋತಾಗ ಜಪಾನಿನಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಹೆಚ್ಚಿನವರು ವಾಪಸ್ಸು ಹೋದರು, ಸುಮಾರು 6 ಲಕ್ಷ ಜನ ಉಳಿದರು. ಸಮಾನತೆ ಸಾರುವ ಹೊಸ ಸಂವಿಧಾನ ಜಾರಿಯಾದದ್ದು 1947ರ ಮೇ 3ರಂದು. ಅದರ ಹಿಂದಿನ ದಿನವೇ ಚಕ್ರವರ್ತಿಯ ಕಟ್ಟಕಡೆಯ ಆಜ್ಞೆ ಹೊರಬಿತ್ತು: ಕೊರಿಯನ್ನರನ್ನು ಸದ್ಯಕ್ಕೆ ವಿದೇಶೀಯರೆಂದು ಎಣಿಸಿ ನೋಂದಾಯಿಸತಕ್ಕದ್ದು. ಬಾಗಿಲು ತೆರೆಯುವ ಮುಂಚೆಯೇ ಯಾರು ಹೊರಗಿರಬೇಕು ಅಂತ ತೀರ್ಮಾನಿಸುವ ಈ ಜಾಣತನ ನಮಗೂ ಪರಿಚಯದ್ದೇ.

1952ರ ಏಪ್ರಿಲ್ 28ರಂದು ಶಾಂತಿ ಒಪ್ಪಂದ ಜಾರಿಗೆ ಬಂತು. ಅವತ್ತೇ ಅವರ ಪೌರತ್ವ ಹೋಯಿತು. ಯಾರನ್ನೂ ಕೇಳಲಿಲ್ಲ, ಒಂದು ಸುತ್ತೋಲೆ ಸಾಕಾಯಿತು. ಎರಡೇ ದಿನಕ್ಕೆ ಗಾಯಾಳು ಸೈನಿಕರಿಗೂ ಸತ್ತವರ ಮನೆಯವರಿಗೂ ನೆರವು ಕೊಡುವ ಕಾಯ್ದೆ ಹೊರಟಿತು. ಜಪಾನಿಗಾಗಿ ಕೈಕಾಲು ಕಳಕೊಂಡ ಕೊರಿಯನ್ನರಿಗೆ ಅದರಲ್ಲಿ ಜಾಗವಿಲ್ಲ. ಆದರೆ ಯುದ್ಧಾಪರಾಧಿಗಳೆಂದು ಶಿಕ್ಷೆಗೊಳಗಾದವರಲ್ಲಿ 148 ಕೊರಿಯನ್ನರಿದ್ದರು. 23 ಮಂದಿಗೆ ಮರಣದಂಡನೆಯೇ ಆಯಿತು. ನಾವೀಗ ಜಪಾನೀಯರಲ್ಲವಲ್ಲ, ಬಿಟ್ಟುಬಿಡಿ ಅಂತ ಜೈಲಿನಲ್ಲಿದ್ದವರು ಕೇಳಿದರು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆಯಾದಾಗ ಜಪಾನೀಯರೇ ಆಗಿದ್ದಿರಲ್ಲ ಎಂಬ ನ್ಯಾಯ ಹೇಳಿ ಅರ್ಜಿ ತಳ್ಳಿಹಾಕಿತು. ಜೈಲಿಗೆ ಜಪಾನೀಯ, ಪಿಂಚಣಿಗೆ ಪರದೇಶಿ!

ಬೆರಳಚ್ಚು ಶುರುವಾದದ್ದು 1955ರಲ್ಲಿ. 14 ತುಂಬಿದ ಮಕ್ಕಳು ಸರ್ಕಾರಿ ಕಚೇರಿಗೆ ಹೋಗಿ ಎಡಗೈಯ ತೋರುಬೆರಳು ಒತ್ತಬೇಕು. ಕೆಲವು ವರ್ಷಕ್ಕೊಮ್ಮೆ ಮತ್ತೆ ಒತ್ತಬೇಕು. 1982ರಲ್ಲಿ ವಯಸ್ಸನ್ನು 16ಕ್ಕೆ ಏರಿಸಿದರು, ಅಷ್ಟೇ ಕರುಣೆ.

1980ರಲ್ಲಿ ಟೋಕಿಯೋದ ಶಿಂಜುಕು ವಾರ್ಡಿನ ಕಚೇರಿಯಲ್ಲಿ ಹಾನ್ ಜೊಂಗ್-ಸೊಕ್ ಎಂಬವರು ಒತ್ತೋದಿಲ್ಲ ಅಂದುಬಿಟ್ಟರು. 1984ರಲ್ಲಿ ಕೋರ್ಟು 10,000 ಯೆನ್ ದಂಡ ಹಾಕಿತು. ಅದರ ಮರುವರ್ಷ ಸಾವಿರಾರು ಜನ ಕೈ ಹಿಂದಕ್ಕೆಳೆದುಕೊಂಡರು. ಪಿಯಾನೋ ನುಡಿಸುವ ಚೊಯ್ ಸುನ್-ಎ ಕೂಡ ಬೆರಳು ಒತ್ತದವರು. 1986ರಲ್ಲಿ ಓದಲು ಅಮೆರಿಕಕ್ಕೆ ಹೊರಟಾಗ, ಮರಳಿ ಬರುವ ಪರವಾನಗಿ ಕೊಡಲಿಲ್ಲ. ಆಕೆ ಹೋದರು. ಹುಟ್ಟಿದ ನೆಲದಲ್ಲಿ ಕಾಯಂ ಆಗಿ ಬಾಳುವ ಹಕ್ಕು ಹೋಯಿತು. ಅದು ಮತ್ತೆ ಸಿಕ್ಕಿದ್ದು 2000ದಲ್ಲಿ. ಪಿಯಾನೋಗೂ ಬೆರಳು ಬೇಕು, ಪೊಲೀಸರಿಗೂ ಬೆರಳು ಬೇಕು.

1989ರಲ್ಲಿ ಚಕ್ರವರ್ತಿ ಹಿರೋಹಿಟೋ ತೀರಿಕೊಂಡಾಗ ಸರ್ಕಾರ ಕ್ಷಮಾದಾನ ಸಾರಿ ಈ ಮೊಕದ್ದಮೆಗಳನ್ನು ಮುಚ್ಚಿತು. ಯಾರು ಯಾರನ್ನು ಕ್ಷಮಿಸೋದು? ನಿಮ್ಮ ಕ್ಷಮೆ ಬೇಡ ಅಂದವರೂ ಇದ್ದರು.

1993ರಲ್ಲಿ ಕಾಯಂ ವಾಸಿಗಳಿಗೆ, 2000ದಲ್ಲಿ ಉಳಿದವರಿಗೆ ಬೆರಳಚ್ಚು ನಿಂತಿತು. 2007ರಲ್ಲಿ ವಿಮಾನ ನಿಲ್ದಾಣಗಳಲ್ಲಿ ಅದು ವಿದೇಶೀಯರಿಗೆಂದು ಮರಳಿ ಬಂತು. ಹಳೆಯ ಕೊರಿಯನ್ ಕುಟುಂಬಗಳ ಕಾಯಂ ವಾಸಿಗಳಿಗೆ ವಿನಾಯಿತಿ. ಓಟು? ಊರಿನ ಚುನಾವಣೆಯಲ್ಲಿ ಕಾಯಂ ವಾಸಿಗಳಿಗೆ ಓಟು ಕೊಡುವ ಕಾನೂನು ಮಾಡಲು ಸಂವಿಧಾನ ಅಡ್ಡಿಯಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪಾರ್ಲಿಮೆಂಟು ಇವತ್ತಿನವರೆಗೂ ಆ ಕಾನೂನು ಮಾಡಿಲ್ಲ.